ಕೆ.ಸಿ. ರೆಡ್ಡಿ ಮತ್ತು ಜವಾಬ್ದಾರಿ ಸರ್ಕಾರ

ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥಕ್ಕೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗಲೆಲ್ಲ ನಾನೊಂದು ಪ್ರಶ್ನೆ ಕೇಳುತ್ತಿದ್ದೆ: “1938ರಲ್ಲಿ ಇಲ್ಲಿ ಜನ ಪ್ರಾಣ ಕೊಟ್ಟದ್ದು ಏತಕ್ಕಾಗಿ?” “ಧ್ವಜಕ್ಕಾಗಿ” ಎಂಬ ಉತ್ತರ ಕೂಡಲೇ ಬರುತ್ತಿತ್ತು. ಅದು ತಪ್ಪಲ್ಲ; ಆದರೆ ಅರ್ಧ ಉತ್ತರ. ಆ ಧ್ವಜದ ಹಿಂದೆ ಇನ್ನೊಂದು ಬೇಡಿಕೆಯಿತ್ತು. ಅದರ ಹೆಸರು ಜವಾಬ್ದಾರಿ ಸರ್ಕಾರ. ಆ ಬೇಡಿಕೆಯನ್ನು ತಮ್ಮ ಬಾಳಿನ ಕೆಲಸವೆಂದು ಹೊತ್ತವರಲ್ಲಿ ಪ್ರಮುಖರು ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿಯವರು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳೆಲ್ಲ 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇದ್ದವು. ಆದುದರಿಂದ ಅವರು ಈ ಸೀಮೆಯವರೇ ಎಂದು ಹೇಳಿಕೊಳ್ಳುವ ಹಕ್ಕು ನಮಗುಂಟು.

ಜವಾಬ್ದಾರಿ ಸರ್ಕಾರವೆಂದರೇನು? ಮೈಸೂರು ಸಂಸ್ಥಾನದಲ್ಲಿ 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆ ಏರ್ಪಟ್ಟಿತ್ತು. ಪ್ರತಿನಿಧಿಗಳು ಊರಿನ ಕೆರೆ, ರಸ್ತೆ, ಕಂದಾಯದ ಅಹವಾಲುಗಳನ್ನು ಅಲ್ಲಿ ಒಪ್ಪಿಸಬಹುದಿತ್ತು. ದಿವಾನರು ಕೇಳುತ್ತಿದ್ದರು, ಉತ್ತರ ಕೊಡುತ್ತಿದ್ದರು. ಆದರೆ ಆ ಸಭೆಗೆ ದಿವಾನರನ್ನು ಇಳಿಸುವ ಅಧಿಕಾರವಿರಲಿಲ್ಲ. ದಿವಾನರು ಹೊಣೆಯಾಗಿದ್ದುದು ಮಹಾರಾಜರಿಗೆ, ಪ್ರಜೆಗಳಿಗಲ್ಲ. ದಿವಾನಗಿರಿಯ ಅತ್ಯುತ್ತಮ ಮಾದರಿಯನ್ನು ನೋಡಬೇಕೆಂದರೆ ನಾವು ದೂರ ಹೋಗಬೇಕಾಗಿಲ್ಲ. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಆ ಸ್ಥಾನದಲ್ಲಿದ್ದರು. ಅವರ ದಕ್ಷತೆಯನ್ನು ಯಾರು ಅಲ್ಲಗಳೆಯುತ್ತಾರೆ? ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ದಿವಾನರು ಒಳ್ಳೆಯವರಾದರೆ ಅದು ಪ್ರಜೆಗಳ ಅದೃಷ್ಟ. ಇಲ್ಲವಾದರೆ ಏನು ಗತಿ? ಆಡಳಿತ ಅದೃಷ್ಟದ ಮಾತಾಗಬಾರದು, ಹಕ್ಕಾಗಬೇಕು ಎಂಬುದೇ ಜವಾಬ್ದಾರಿ ಸರ್ಕಾರದ ತಿರುಳು.

1902ರಲ್ಲಿ ಹುಟ್ಟಿದ ರೆಡ್ಡಿಯವರು ಕಾನೂನು ಪದವಿ ಪಡೆದ ಮೇಲೆ, 1930ರಲ್ಲಿ, ಸಮಾನಮನಸ್ಕರೊಡನೆ ಪ್ರಜಾಪಕ್ಷವನ್ನು ಕಟ್ಟಿದರು. ಅದು ರೈತರ ನಡುವೆ ಬೆಳೆಯಿತು. 1934ರಲ್ಲಿ ಪ್ರಜಾಮಿತ್ರ ಮಂಡಳಿಯೊಡನೆ ಕೂಡಿ ಪ್ರಜಾಸಂಯುಕ್ತ ಪಕ್ಷವಾಯಿತು. 1937ರಲ್ಲಿ ಕಾಂಗ್ರೆಸ್ಸಿನಲ್ಲಿ ವಿಲೀನವಾಯಿತು. ತಾವು ಕಟ್ಟಿದ ಪಕ್ಷವನ್ನು ಇನ್ನೊಂದರಲ್ಲಿ ಕರಗಿಸುವುದು ರಾಜಕಾರಣಿಗೆ ಸುಲಭದ ಕೆಲಸವಲ್ಲ. ರೆಡ್ಡಿಯವರು ಅದನ್ನು ಏಳು ವರ್ಷಗಳಲ್ಲಿ ಎರಡು ಬಾರಿ ಮಾಡಿದರು.

ಮರುವರ್ಷ ಏಪ್ರಿಲ್ ತಿಂಗಳಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ಜಾತ್ರೆಯ ದಿನಗಳಲ್ಲಿ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರ ಹೇಳಿದ ಸಾವಿನ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಹೊಂದಿಕೆಯಾಗಲಿಲ್ಲ. ಜನರು ಮೂವತ್ತಕ್ಕೂ ಹೆಚ್ಚು ಎಂದರು. ಬಳಿಕ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿಯವರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿದರು. ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ಸಿನ ಧ್ವಜವನ್ನೂ ಏರಿಸಬಹುದೆಂದಾಯಿತು. ಹೀಗೆ ಧ್ವಜದ ಹಕ್ಕು ಕೆಲವೇ ವಾರಗಳಲ್ಲಿ ದಕ್ಕಿತು. ಜವಾಬ್ದಾರಿ ಸರ್ಕಾರಕ್ಕೆ ಇನ್ನೂ ಒಂಬತ್ತು ವರ್ಷ ಕಾಯಬೇಕಾಯಿತು.

1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗಲೂ ಮೈಸೂರಿನಲ್ಲಿ ದಿವಾನರ ಆಡಳಿತವೇ ಇತ್ತು. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಮೊದಲಾಯಿತು. ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಕೊನೆಗೆ ಅರಮನೆ ಒಪ್ಪಿತು. ಅಕ್ಟೋಬರಿನಲ್ಲಿ ರೆಡ್ಡಿಯವರು ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು.

ಇಲ್ಲಿಂದ ಮುಂದಿನ ಕಥೆಯನ್ನು ನಾವು ಸಾಮಾನ್ಯವಾಗಿ ಹೇಳುವುದಿಲ್ಲ. ಜವಾಬ್ದಾರಿ ಸರ್ಕಾರವನ್ನು ಕೇಳಿದವರು ಅದರ ಇನ್ನೊಂದು ಮುಖವನ್ನೂ ಒಪ್ಪಬೇಕು: ಹೊಣೆ ಕೇಳುವ ಸಭೆ ಬೇರೊಬ್ಬರನ್ನು ಆರಿಸಬಹುದು. 1952ರ ಮೊದಲ ಮಹಾಚುನಾವಣೆಯ ಬಳಿಕ ಆ ಸ್ಥಾನ ಕೆಂಗಲ್ ಹನುಮಂತಯ್ಯನವರ ಪಾಲಾಯಿತು. ವಿಧಾನಸೌಧಕ್ಕೆ ನೆಹರೂ ಅವರು 1951ರ ಜುಲೈ 13ರಂದು ಅಡಿಗಲ್ಲಿಟ್ಟಾಗ ಮುಖ್ಯಮಂತ್ರಿ ರೆಡ್ಡಿಯವರು. ಕಟ್ಟಡದ ಕಲ್ಪನೆ ಹಿಗ್ಗಿದ್ದು, ಅದು ಮೇಲೆದ್ದದ್ದು ಹನುಮಂತಯ್ಯನವರ ಕಾಲದಲ್ಲಿ. ಹೆಸರೂ ನ್ಯಾಯವಾಗಿ ಅವರಿಗೇ ಸಂದಿತು. ರೆಡ್ಡಿಯವರು ದೆಹಲಿಗೆ ಹೋಗಿ ಉತ್ಪಾದನೆ, ಕಾಮಗಾರಿ ಮತ್ತು ವಸತಿ, ವಾಣಿಜ್ಯ ಮತ್ತು ಕೈಗಾರಿಕೆ ಖಾತೆಗಳನ್ನು ಒಂದಾದ ಮೇಲೊಂದರಂತೆ ನೋಡಿಕೊಂಡರು. 1957ರಲ್ಲಿ ಕೋಲಾರದಿಂದ ಲೋಕಸಭೆಗೆ ಆರಿಸಿ ಬಂದರು.

1965ರಿಂದ 1971ರವರೆಗೆ ಅವರು ಮಧ್ಯಪ್ರದೇಶದ ರಾಜ್ಯಪಾಲರು. 1967ರಲ್ಲಿ ಅಲ್ಲಿ ಶಾಸಕರು ಪಕ್ಷ ಬಿಟ್ಟು ದ್ವಾರಕಾಪ್ರಸಾದ ಮಿಶ್ರರ ಮಂತ್ರಿಮಂಡಲ ಅಲುಗಾಡಿದಾಗ, ಮುಖ್ಯಮಂತ್ರಿಯ ಸಲಹೆಯಂತೆ ರೆಡ್ಡಿಯವರು ಅಧಿವೇಶನವನ್ನೇ ಮುಂದೂಡಿದರು. ಸಭೆಗೆ ಹೊಣೆಯಾದ ಮಂತ್ರಿಮಂಡಲ ಬೇಕೆಂದು ಹೋರಾಡಿದವರೇ ಸಭೆಯ ಬಾಯಿಗೆ ಬೀಗ ಹಾಕಿದರೆ? ಸಲಹೆಯನ್ನು ಪಾಲಿಸುವುದು ರಾಜ್ಯಪಾಲರ ಧರ್ಮವೆಂದು ಸಮರ್ಥಿಸಬಹುದು. ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಆ ತಡೆ ಬಹಳ ದಿನ ನಿಲ್ಲಲಿಲ್ಲ. ತಿಂಗಳು ಮುಗಿಯುವುದರೊಳಗೆ ಮಂತ್ರಿಮಂಡಲ ಬದಲಾಯಿತು. ವ್ಯಕ್ತಿಗಿಂತ ತತ್ತ್ವವೇ ಗಟ್ಟಿಯಾಗಿತ್ತು.

ಇದನ್ನು ಯೋಚಿಸುವಾಗ ನನಗೆ ಫಿನ್ಲೆಂಡಿನ ಉರ್ಹೊ ಕೆಕ್ಕೊನೆನ್ ನೆನಪಾಗುತ್ತಾರೆ. 1956ರಲ್ಲಿ ಅಧ್ಯಕ್ಷಪೀಠವೇರಿದ ಅವರು ಕಾಲು ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿದ್ದರು. ಸೋವಿಯತ್ ಒಕ್ಕೂಟದ ಮಗ್ಗುಲಲ್ಲೇ ಇದ್ದ ಸಣ್ಣ ದೇಶವನ್ನು ಜಾಣತನದಿಂದ ಕಾಪಾಡಿದರೆಂಬ ಕೀರ್ತಿ ಅವರದು. ಆದರೆ 1973ರಲ್ಲಿ ಅವರ ಅವಧಿಯನ್ನು ಚುನಾವಣೆಯಿಲ್ಲದೆ ವಿಶೇಷ ಕಾಯಿದೆಯಿಂದಲೇ ನಾಲ್ಕು ವರ್ಷ ಬೆಳೆಸಲಾಯಿತು. ಮುಂದೆ ಆ ದೇಶ ತಾನೇ ಅಧ್ಯಕ್ಷರಿಗೆ ಎರಡೇ ಅವಧಿಗಳೆಂದು ಮಿತಿ ಹಾಕಿಕೊಂಡಿತು. ಸಮರ್ಥರೊಬ್ಬರು ಒಂದೇ ಪೀಠದಲ್ಲಿ ನೆಲೆಯಾದರೆ ಪ್ರಜೆಗಳು ಪ್ರಶ್ನೆ ಕೇಳುವುದನ್ನೇ ಮರೆಯುತ್ತಾರೆ. ದಿವಾನಗಿರಿಯ ಗುಣವೂ ದೋಷವೂ ಅದೇ ಆಗಿರಲಿಲ್ಲವೆ?

ರೆಡ್ಡಿಯವರದೂ ನಾಲ್ಕು ದಶಕಗಳ ದೀರ್ಘ ಸಾರ್ವಜನಿಕ ಜೀವನ. 1976ರಲ್ಲಿ ಅವರು ತೀರಿಕೊಂಡರು. ಅವರು ಯಾವ ಪೀಠಕ್ಕೂ ಅಂಟಿಕೊಂಡವರಲ್ಲ. ಬಹುಶಃ ಅದರಿಂದಲೇ ನಮಗೆ ಅವರ ನೆನಪು ಮಸುಕಾಗಿದೆ. ಆದರೆ ಚಿಂತಾಮಣಿಯ ರೈತನೊಬ್ಬ, ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಹೆಣ್ಣುಮಗಳೊಬ್ಬಳು ಐದು ವರ್ಷಕ್ಕೊಮ್ಮೆ ತಮ್ಮ ಶಾಸಕನನ್ನು ನಿಲ್ಲಿಸಿ “ಏನು ಮಾಡಿದೆ?” ಎಂದು ಕೇಳಬಲ್ಲರು. ಅದಕ್ಕಾಗಿಯೇ ವಿದುರಾಶ್ವತ್ಥದಲ್ಲಿ ಜನ ಪ್ರಾಣ ಕೊಟ್ಟದ್ದು. ನನ್ನ ವಿದ್ಯಾರ್ಥಿಗಳಿಗೆ ನಾನು ತಿಳಿಸಬೇಕೆಂದಿದ್ದ ಉಳಿದರ್ಧ ಉತ್ತರ ಇದು.