ಪಾಲಿನ ವ್ಯಾಪಾರ: ಒಬ್ಬನ ರುಜು, ಎಲ್ಲರ ಹೊಣೆ

ಬೀದರ ಸೀಮೆಯ ಬೇಸಾಯಗಾರರು ಬಿತ್ತಿ ಬೆಳೆಯುವುದರಲ್ಲಿಯೇ ನಿಲ್ಲದೆ, ನಾಲ್ಕಾರು ಮಂದಿ ಕೂಡಿ ವ್ಯಾಪಾರಕ್ಕೂ ಕೈಯಿಕ್ಕುವುದು ಸಂತೋಷದ ಸಂಗತಿಯೇ ಸರಿ. ಔರಾದದಲ್ಲಿ ಒಕ್ಕಣೆಯ ಯಂತ್ರ, ಭಾಲ್ಕಿಯಲ್ಲಿ ಬೀಜ ಗೊಬ್ಬರಗಳ ಅಂಗಡಿ, ಬೀದರದಲ್ಲಿ ತೊಗರಿ ಉದ್ದುಗಳ ಖರೀದಿ, ಇವೆಲ್ಲ ಪಾಲಿನಿಂದ ನಡೆಯತಕ್ಕ ಕೆಲಸಗಳೇ. ಆದರೆ ರೋಗ ಹಬ್ಬಿದ ಮೇಲೆ ಔಷಧಕ್ಕೆ ಓಡಿಬರುವವರಂತೆ, ನೋಟೀಸು ಬಂದ ಮೇಲೆ ಕಾಗದ ಹಿಡಿದು ಬರುವವರನ್ನು ಕಂಡು ಈ ನಾಲ್ಕು ಮಾತುಗಳನ್ನು ಬರೆಯಬೇಕಾಯಿತು.

ಈ ವಿಷಯದ ಕಾಯಿದೆಯು 1932ನೆಯ ಇಸವಿಯದು. ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ನಮ್ಮ ಜಿಲ್ಲೆಗೆ ಅದು 1951ರಲ್ಲಿ ಅನ್ವಯವಾಯಿತು. ಹೊಲದ ಫಲವನ್ನು ಅಣ್ಣತಮ್ಮಂದಿರು ಹಂಚಿಕೊಂಡ ಮಾತ್ರಕ್ಕೆ ಅವರು ಪಾಲುಗಾರರಾಗರು. ಒಪ್ಪಂದದಿಂದ ವ್ಯಾಪಾರ ನಡೆಯಿಸಿ, ಲಾಭವನ್ನು ಹಂಚಿಕೊಂಡು, ಒಬ್ಬನು ಎಲ್ಲರ ಪರವಾಗಿ ವರ್ತಿಸುವಂತಿದ್ದರೆ ಅದು ಪಾಲುಗಾರಿಕೆ.

ಮೂವರು ರೈತರು ಸಮಪಾಲಿನಿಂದ ಬೀಜದ ಅಂಗಡಿಯನ್ನು ತೆರೆದರೆಂದು ಭಾವಿಸೋಣ. ಅವರಲ್ಲೊಬ್ಬನು ಅಂಗಡಿಯ ಹೆಸರಿನಲ್ಲಿ 3 ಲಕ್ಷ ರೂಪಾಯಿಯ ಸೋಯಾ ಬೀಜವನ್ನು ಕಡವಾಗಿ ತಂದನು. ಮಳೆ ತಪ್ಪಿತು, ಬೀಜ ಉಳಿಯಿತು. ಉಳಿದಿಬ್ಬರು "ನಾವು ರುಜು ಹಾಕಿಲ್ಲ" ಎಂದರೆ ಸಲ್ಲದು. ಬೀಜ ಕೊಳ್ಳುವುದು ಅಂಗಡಿಯ ವಾಡಿಕೆಯ ಕೆಲಸವಾದುದರಿಂದ ಒಬ್ಬನ ಮಾತು ಮೂವರನ್ನೂ ಕಟ್ಟುವುದು. 25ನೆಯ ಕಲಮಿನ ಪ್ರಕಾರ ಮಾರಿದವನು ಒಬ್ಬನಿಂದಲೇ ಪೂರಾ 3 ಲಕ್ಷವನ್ನು ವಸೂಲು ಮಾಡಬಹುದು. ತೆತ್ತವನು ಆಮೇಲೆ ಉಳಿದವರಿಂದ ಅವರವರ ಭಾಗವನ್ನು ಕೇಳಿಕೊಳ್ಳಬೇಕು. ಬೇಸಾಯಗಾರನು ವಾಸಿಸುವ ಮನೆಗೂ ಜೀವನಕ್ಕೆ ಬೇಕಾದ ಎತ್ತು, ಮುಟ್ಟುಗಳಿಗೂ ಜಪ್ತಿಯಿಂದ ರಕ್ಷಣೆಯುಂಟು, ಹೊಲಕ್ಕೆ ಅದಿಲ್ಲ. ಅಂಗಡಿ ಮುಳುಗಿದರೆ ಹೊಲವೂ ಹೋದೀತು.

ಹಾಗೆಂದು ಒಬ್ಬನ ಅಧಿಕಾರಕ್ಕೆ ಎಲ್ಲೆಯಿಲ್ಲವೆಂದಲ್ಲ. ವ್ಯಾಪಾರದ ವಾಡಿಕೆಯಾಗಲಿ ಒಪ್ಪಿಗೆಯಾಗಲಿ ಇಲ್ಲದೆ ಅವನು ಅಂಗಡಿಯ ಪರವಾಗಿ ಸ್ವಂತ ಹೆಸರಿನಲ್ಲಿ ಬ್ಯಾಂಕು ಖಾತೆ ತೆರೆಯಕೂಡದು, ದಾವೆಯನ್ನು ಹಿಂದೆಗೆಯಕೂಡದು, ಅಂಗಡಿಗೆ ಸೇರಿದ ನೆಲವನ್ನು ಮಾರಕೂಡದು. ಪಾಲುಗಾರರು ತಮ್ಮೊಳಗೆ ಬೇರೆ ಕಟ್ಟುಪಾಡು ಮಾಡಿಕೊಳ್ಳಬಹುದಾದರೂ, ಅದನ್ನರಿಯದ ಹೊರಗಿನವನನ್ನು ಅದು ಬಂಧಿಸದು.

ಆದಕಾರಣ ರೈತ ಬಾಂಧವರು ಮೂರು ಕೆಲಸಗಳನ್ನು ಮರೆಯಬಾರದು. ಒಂದನೆಯದಾಗಿ, ಪಾಲು, ಬಂಡವಾಳ, ಸಾಲ ತರುವ ಮಿತಿ, ಇವನ್ನು ಬರಹದಲ್ಲಿಟ್ಟು, ಸಾಲ ಕೊಡುವವನಿಗೂ ಆ ಮಿತಿಯನ್ನು ಮೊದಲೇ ತಿಳಿಸಿರಿ. ಎರಡನೆಯದಾಗಿ, ಪಾಲುಗಾರಿಕೆಯನ್ನು ನೋಂದಾಯಿಸಿರಿ. ನೋಂದಣಿಯಿಲ್ಲದಿದ್ದರೆ, 69ನೆಯ ಕಲಮಿನಂತೆ, ಕರಾರಿನ ಬಾಕಿಗಾಗಿ 100 ರೂಪಾಯಿಗೆ ಮೇಲ್ಪಟ್ಟ ದಾವೆಯನ್ನು ಹೊರಗಿನವನ ಮೇಲೆ ಹೂಡಲಾರಿರಿ. ಅವನಾದರೋ ನಿಮ್ಮ ಮೇಲೆ ಹೂಡಬಲ್ಲನು. ಮೂರನೆಯದಾಗಿ, ಪಾಲು ಬಿಟ್ಟು ಹೊರಡುವವನು ಸಾರ್ವಜನಿಕ ಪ್ರಕಟಣೆ ಕೊಡಿಸಬೇಕು. ಇಲ್ಲವಾದರೆ ಆಮೇಲಿನ ಸಾಲವೂ ಬೆನ್ನು ಹತ್ತೀತು. ಹೊಣೆಗೆ ಮಿತಿ ಬೇಕೆನ್ನುವವರಿಗೆ 2008ರ ಸೀಮಿತ ಹೊಣೆಗಾರಿಕೆಯ ಪಾಲುಗಾರಿಕೆಯ ಕಾಯಿದೆಯೂ ಉಂಟು.

ಬೀಜವನ್ನು ಪರೀಕ್ಷಿಸದೆ ಬಿತ್ತದ ರೈತನು, ಪಾಲುಗಾರನನ್ನೂ ಪತ್ರವನ್ನೂ ಪರೀಕ್ಷಿಸದೆ ರುಜು ಹಾಕದಿರಲಿ.