ಮನೆಗೊಂದು ಮೊದಲ ಸೈಕಲ್ಲು

ಅಗತ್ಯವನ್ನರಿತು ಕೊಂಡ ವಸ್ತು ಮನೆಗೆ ಆಳಾಗಿ ದುಡಿಯುತ್ತದೆ. ಆಸೆಗೆ ಒಲಿದು ಕೊಂಡ ವಸ್ತು ಮನೆಗೆ ಅರಸಾಗಿ ಕೂರುತ್ತದೆ. ಇದು ಚಿನ್ನ, ವಾಹನ, ಮದುವೆಯ ಖರ್ಚುಗಳಿಗೆ ಮಾತ್ರ ಅನ್ವಯಿಸುವ ಮಾತಲ್ಲ. ಆರು ಸಾವಿರ ರೂಪಾಯಿಯ ಸೈಕಲ್ಲಿಗೂ ಅನ್ವಯಿಸುತ್ತದೆ.

ಪರಿಚಿತ ಕುಟುಂಬದ ಹಿರಿಯರೊಬ್ಬರು ಈಚೆಗೆ ನನ್ನಲ್ಲಿಗೆ ಬಂದಿದ್ದರು. ಎರಡೆಕರೆ ಒಣಬೇಸಾಯ, ಎರಡು ಎಮ್ಮೆ. ಅಷ್ಟೇ ಅವರ ಆಸ್ತಿ. ಮಗಳು ಹತ್ತನೆಯ ತರಗತಿ ಮುಗಿಸಿ, ನಾಲ್ಕು ಕಿಲೋಮೀಟರ್ ದೂರದ ಪಟ್ಟಣದ ಪದವಿಪೂರ್ವ ಕಾಲೇಜಿಗೆ ಸೇರಿದ್ದಳು. ಬೆಳಗಿನ ಬಸ್ಸು ಒಂದು ದಿನ ಬಂದರೆ ಇನ್ನೊಂದು ದಿನ ಬಾರದು. ಬಂದರೂ ಕಾಲಿಡಲು ಸ್ಥಳವಿರದು. “ಗುರುಗಳೇ, ಹೀಗೇ ಆದರೆ ಹುಡುಗಿಯನ್ನು ಬಿಡಿಸಿಬಿಡುವುದೇ ಲೇಸೆಂದು ಮನೆಯಲ್ಲಿ ಮಾತು ನಡೆದಿದೆ” ಎಂದರು. ನಡೆದು ಹೋದರೆ ಒಂದು ಗಂಟೆಯ ಹಾದಿ. ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷ. ಒಬ್ಬ ಹೆಣ್ಣುಮಗಳ ವಿದ್ಯೆ ಆ ನಲವತ್ತು ನಿಮಿಷಗಳಲ್ಲಿ ಸಿಕ್ಕಿಕೊಂಡಿತ್ತು.

ನಮ್ಮ ರಾಜ್ಯದಲ್ಲಿ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರವೇ ಸೈಕಲ್ಲು ಕೊಡುತ್ತಿತ್ತು. ಅದರಿಂದ ಎಷ್ಟೋ ಹಳ್ಳಿಯ ಹೆಣ್ಣುಮಕ್ಕಳು ಪ್ರೌಢಶಾಲೆಯ ಮೆಟ್ಟಿಲು ಹತ್ತಿದರು. ಕೋವಿಡ್ ಪಿಡುಗಿನ 2020–21ರಲ್ಲಿ ಆ ವಿತರಣೆ ನಿಂತಿತು. ಹೀಗಾಗಿ ಮೊದಲ ಸೈಕಲ್ಲನ್ನು ತಾವೇ ಆರಿಸಿ ಕೊಳ್ಳಬೇಕಾದ ಮನೆಗಳು ಹೆಚ್ಚಾದವು. ಆರಿಸುವ ಬಗೆಯನ್ನು ಹಿರಿಯರು ತಿಳಿದಿರುವುದು ಒಳ್ಳೆಯದು.

ಅಳತೆಯೇ ಮೊದಲು

ಬಾಲ್ಯದಲ್ಲಿ ಕಂಡ ಒಂದು ಸಂಗತಿ ನನ್ನ ಮನಸ್ಸಿನಿಂದ ಮಾಸಿಲ್ಲ. ನನ್ನ ತಮ್ಮನಿಗೆ ಹನ್ನೊಂದು ವರ್ಷವಿದ್ದಾಗ ತಂದೆಯವರು ದೊಡ್ಡವರ ಸೈಕಲ್ಲನ್ನೇ ತಂದರು. “ಹೇಗೂ ಬೆಳೆಯುವ ಹುಡುಗ, ಎರಡು ಸಲ ಏಕೆ ಕೊಳ್ಳಬೇಕು?” ಎಂಬುದು ಅವರ ಲೆಕ್ಕ. ಸೀಟಿಗೆ ಏರಲಾಗದ ಅವನು ನಡುವಿನ ತ್ರಿಕೋನದೊಳಗೆ ಕಾಲು ತೂರಿಸಿ, ಒಳಪೆಡಲ್ ತುಳಿದು ಕಲಿತ. ಒಂದು ದಿನ ಇಳಿಜಾರಿನಲ್ಲಿ ಕಾಲು ನೆಲಕ್ಕೆ ಎಟುಕದೆ ಬಿದ್ದು ಮುಂಗೈ ಮುರಿದುಕೊಂಡ. ಕೈ ಕೂಡಿತು, ಭಯ ಮಾತ್ರ ಹೋಗಲಿಲ್ಲ. ಮುಂದೆ ಅವನು ಸೈಕಲ್ಲು ಹತ್ತಲೇ ಇಲ್ಲ. ಉಳಿಸಲು ಹೊರಟ ಹಣವೆಲ್ಲ ಹಾಗೆ ವ್ಯರ್ಥವಾಯಿತು.

ಆದುದರಿಂದ ಯಾರು ತುಳಿಯುವರೋ ಅವರನ್ನೇ ಅಂಗಡಿಗೆ ಕರೆದೊಯ್ಯಬೇಕು. ಸೀಟಿನ ಮುಂದೆ ಅಡ್ಡಪಟ್ಟಿಯ ಆಚೀಚೆ ಕಾಲಿಟ್ಟು ನಿಂತಾಗ ಪಟ್ಟಿಗೂ ದೇಹಕ್ಕೂ ನಡುವೆ ಒಂದೆರಡು ಅಂಗುಲ ಬಿಡುವಿರಬೇಕು. ಸೀಟಿನಲ್ಲಿ ಕುಳಿತು, ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿಯಿಟ್ಟಾಗ ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಹದವಾಗಿ ಬಾಗುತ್ತದೆ. ಹೊಸದಾಗಿ ಕಲಿಯುವವರಿಗೆ ಸೀಟು ತುಸು ತಗ್ಗಿರಲಿ. ಧೈರ್ಯ ಬಂದಂತೆ ಏರಿಸಬಹುದು. ಸೀರೆ, ಲಂಗ, ಪಂಚೆ ಉಡುವವರಿಗೆ ಅಡ್ಡಪಟ್ಟಿ ಇಳಿಜಾರಾಗಿರುವ ಲೇಡೀಸ್ ಸೈಕಲ್ಲು ಅನುಕೂಲ. ಮನೆಯ ಗಂಡಸರು ಅದನ್ನು ತುಳಿಯಲು ನಾಚಬೇಕಾದ ಕಾರಣವೇನೂ ಇಲ್ಲ.

ಗೇರು ಬೇಕೆ?

ಆ ಹಿರಿಯರ ಮಗ ಅಂಗಡಿಯಲ್ಲಿ ದಪ್ಪ ಟಯರು, ಮುಂದೆ ಹಿಂದೆ ಸ್ಪ್ರಿಂಗು, ಡಿಸ್ಕ್ ಬ್ರೇಕು, ಹಲವು ಗೇರುಗಳಿದ್ದ ಸೈಕಲ್ಲಿನ ಮುಂದೆ ನಿಂತುಬಿಟ್ಟ. ನೋಡಲು ಸುಂದರವೇ. ಆದರೆ ಅಗ್ಗದ ಸೈಕಲ್ಲಿನ ಸ್ಪ್ರಿಂಗು ಭಾರವನ್ನು ಹೆಚ್ಚಿಸುತ್ತದೆ. ತುಳಿದ ಬಲದಲ್ಲಿ ಒಂದು ಪಾಲು ಅದನ್ನು ಕುಣಿಸುವುದರಲ್ಲೇ ಕಳೆಯುತ್ತದೆ. ದಪ್ಪ ಗಂಟಿನ ಟಯರು ಕೆಸರಿಗೆ ಒಳ್ಳೆಯದು, ಡಾಂಬರು ರಸ್ತೆಯಲ್ಲಿ ಎಳೆತ ಹೆಚ್ಚು. ಗೇರು ಹದ ತಪ್ಪಿದರೆ ಹಳ್ಳಿಯಲ್ಲಿ ಸರಿಪಡಿಸುವವರು ದೊರೆಯುವುದು ಕಷ್ಟ.

ಗೇರಿಲ್ಲದ ಸೈಕಲ್ಲಿನ ಲೆಕ್ಕ ಸರಳ. ಪೆಡಲಿನ ಚಕ್ರಕ್ಕೆ 44 ಹಲ್ಲು, ಹಿಂಗಾಲಿಯ ಫ್ರೀವೀಲಿಗೆ 18 ಹಲ್ಲು ಇದ್ದರೆ, ಪೆಡಲು ಒಂದು ಸುತ್ತು ಬಂದಾಗ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. 28 ಅಂಗುಲದ ಗಾಲಿಯಾದರೆ ಐದು ಮೀಟರಿಗೂ ಮೀರಿ ಮುಂದೆ ಸಾಗಿದಂತೆ. ಬಯಲುಸೀಮೆಯ ಸಮತಟ್ಟು ದಾರಿಯಲ್ಲಿ ಎರಡರಿಂದ ಐದು ಕಿಲೋಮೀಟರ್ ಹೋಗಿಬರಲು ಇದು ಧಾರಾಳ. ಮಲೆನಾಡಿನ ಏರುತಗ್ಗುಗಳಲ್ಲಿ ಇರುವವರ ಮಾತು ಬೇರೆ. ಅವರಿಗೆ ಗೇರು ನಿಜವಾದ ಆಸರೆ.

ಬದಲಾಗಿ ಮಡ್‌ಗಾರ್ಡ್, ಚೈನ್ ಕವರು, ಗಟ್ಟಿ ಕ್ಯಾರಿಯರ್, ಸ್ಟ್ಯಾಂಡು, ಗಂಟೆ, ಬೀಗ ಇವೆಯೇ ನೋಡಬೇಕು. ಬೆಡಗಿನ ಸೈಕಲ್ಲುಗಳಿಗೆ ಇವನ್ನು ಬೇರೆಯಾಗಿ ಕೊಳ್ಳಬೇಕಾಗುವುದುಂಟು. ಆಗ ಹೇಳಿದ ಬೆಲೆ ನಿಜವಾದ ಬೆಲೆಯಲ್ಲ.

ಕೊಳ್ಳುವ ಮುನ್ನ

ಗಾಲಿಯನ್ನೆತ್ತಿ ತಿರುಗಿಸಿರಿ, ರಿಮ್ಮು ಬ್ರೇಕಿನ ರಬ್ಬರಿಗೆ ಅಲ್ಲಲ್ಲಿ ತಾಗಿದರೆ ಗಾಲಿಯಲ್ಲಿ ಸೊಟ್ಟವಿದೆ. ಎರಡೂ ಬ್ರೇಕುಗಳನ್ನು ಒಂದೊಂದಾಗಿ ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿರಿ. ಹಿಡಿದ ಬ್ರೇಕಿನ ಗಾಲಿ ಉರುಳಬಾರದು. ಪೆಡಲಿನ ತೋಳನ್ನು ಪಕ್ಕಕ್ಕೆ ಅಲುಗಿಸಿದರೆ ಸಡಿಲ ತೋರಬಾರದು. ಹ್ಯಾಂಡಲು ಎರಡೂ ಕಡೆಗೆ ತಡೆಯಿಲ್ಲದೆ ತಿರುಗಬೇಕು. ಸರಕಾರವು 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿಎಸ್‌ಟಿಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಿತು. ರಸೀದಿ ಕೇಳಿ ಪಡೆದು ಅದನ್ನು ಗಮನಿಸಿರಿ.

ಹಳೆಯ ಸೈಕಲ್ಲು ಕೊಳ್ಳುವುದರಲ್ಲಿ ಹೀನಾಯವೇನಿಲ್ಲ. ಟಯರು, ಚೈನು, ಬ್ರೇಕಿನ ರಬ್ಬರು ಸವೆದಿದ್ದರೆ ಬದಲಿಸಬಹುದು; ಆ ಖರ್ಚನ್ನು ಬೆಲೆಗೆ ಕೂಡಿಸಿ ನೋಡಬೇಕು. ಆದರೆ ಫ್ರೇಮಿನ ಕೂಡುಗಳಲ್ಲಿ ಬಿರುಕು, ಹೊಸ ಬೆಸುಗೆ, ಬಾಗಿದ ಫೋರ್ಕು ಕಂಡರೆ ಎಷ್ಟು ಅಗ್ಗವಾದರೂ ಬೇಡ. ಮಾರುವವನ ಗುರುತು, ಬರೆದುಕೊಟ್ಟ ಚೀಟಿ ಇಲ್ಲದ ಸೈಕಲ್ಲನ್ನು ಮುಟ್ಟಬೇಡಿರಿ. ಕದ್ದ ವಸ್ತು ಮನೆಯಂಗಳಕ್ಕೆ ಬರುವುದು ಒಳ್ಳೆಯದಲ್ಲ.

ಕೊಂಡ ಮೇಲೆ ವಾರಕ್ಕೊಮ್ಮೆ ಗಾಳಿ, ತಿಂಗಳಿಗೊಮ್ಮೆ ಚೈನು ಒರೆಸಿ ನಾಲ್ಕು ಹನಿ ಎಣ್ಣೆ. ಟಯರಿನ ಪಕ್ಕದಲ್ಲೇ ಗಾಳಿಯ ಒತ್ತಡದ ಅಂಕಿ ಅಚ್ಚಾಗಿರುತ್ತದೆ. ಗಾಳಿ ಕಡಿಮೆಯಾದ ಟಯರು ಬೇಗ ಸವೆಯುತ್ತದೆ, ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ತೂತಾಗುತ್ತದೆ. ಕತ್ತಲಲ್ಲಿ ಬರುವವರಿಗೆ ಹಿಂದೆ ಕೆಂಪು ರಿಫ್ಲೆಕ್ಟರು, ಮುಂದೆ ದೀಪ ಕಡ್ಡಾಯವೆಂದೇ ತಿಳಿಯಿರಿ.

ಆ ಮನೆಯವರು ಕೊನೆಗೆ ಕೊಂಡದ್ದು ಗೇರಿಲ್ಲದ, ಮುಂದೆ ಬುಟ್ಟಿಯಿದ್ದ ಲೇಡೀಸ್ ಸೈಕಲ್ಲು. ತಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಅಕ್ಕ ಕಾಲೇಜಿನಿಂದ ಬರುವುದನ್ನೇ ಕಾದು, ಹಾಲಿನ ಕ್ಯಾನನ್ನು ಕ್ಯಾರಿಯರಿಗೆ ಕಟ್ಟಿ ಡೇರಿಗೆ ಹೊರಟನಂತೆ. ಮೊನ್ನೆ ಆ ಹಿರಿಯರು ದಾರಿಯಲ್ಲಿ ಸಿಕ್ಕಾಗ ಬಸ್ಸಿನ ವಿಚಾರ ಕೇಳಿದೆ. “ಈಗ ಅದು ಬರುತ್ತದೋ ಇಲ್ಲವೋ ನಮಗೆ ತಿಳಿಯದು ಗುರುಗಳೇ” ಎಂದು ನಕ್ಕರು.