ಸಾವಕಾಶ ಬೆಳಗಾವಿ ನೋಡೋಣ

ನಮ್ಮ ದೇಸೂರಿನಿಂದ ಬೆಳಗಾವಿ ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೇ. ವರ್ಷಕ್ಕೆ ಎಷ್ಟೋ ಸಲ ಹೋಗುತ್ತೇವೆ. ಆದರೆ ದವಾಖಾನೆಗೋ ಪ್ಯಾಟಿಗೋ ಹೋಗಿ, ಗಡಿಬಿಡಿಯಿಂದ ಬಸ್ಸು ಹಿಡಿದು ವಾಪಸ್ ಬರುತ್ತೇವೆ. ಊರು ನೋಡಿದವರು ಎಷ್ಟು ಮಂದಿ? ದೀಪಾವಳಿ ಸೂಟಿಯಲ್ಲಿ ನಾನು, ಅವ್ವ, ಅಜ್ಜಿ ನೋಡುವುದಕ್ಕೆಂದೇ ಹೋಗಿದ್ದೆವು. ಹೇಗೆ ನೋಡಬೇಕು ಎಂದು ಇಲ್ಲಿ ಬರೆದಿದ್ದೇನೆ.

ಮೊದಲು ಊರು ನೋಡಬೇಕು, ಆಮೇಲೆ ಪ್ಯಾಟಿ ಮಾಡಬೇಕು. ಮೊದಲೇ ಸಾಮಾನು ಕೊಂಡರೆ ದಿನವೆಲ್ಲ ಚೀಲ ಹೊರಬೇಕಾಗತೈತಿ. ಸರಕಾರಿ ಬಸ್ಸಿನಲ್ಲಿ 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣ ಇಲ್ಲ. ಆ ರೊಕ್ಕ ನಾವು ಕುಂದಾ ತಿನ್ನಲು ಇಟ್ಟುಕೊಂಡೆವು.

ಟಿಳಕವಾಡಿಯಲ್ಲಿ ಇಳಿದರೆ ವೀರಸೌಧ ಮತ್ತು ಕಾಂಗ್ರೆಸ್ ಬಾವಿ ನೋಡಬಹುದು. 1924ರ ಡಿಸೆಂಬರಿನಲ್ಲಿ ಇಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಅಧಿವೇಶನ ಇದೊಂದೇ. ಬಂದ ಜನರಿಗೆ ನೀರು ಬೇಕೆಂದು ಬಾವಿ ತೋಡಿದರು.

ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಬಂದು ಕೋಟೆಗೆ ಹೋಗಬೇಕು. ಸುತ್ತಲೂ ಕಂದಕ ಇದೆ. ಬಾಗಿಲ ಹತ್ತಿರ ಗಣಪತಿ ಮತ್ತು ದುರ್ಗಾದೇವಿಯ ಗುಡಿಗಳಿವೆ. ಒಳಗೆ ಕಮಲ ಬಸದಿ. ಇದನ್ನು ರಟ್ಟರ ಅರಸ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದನು. ಒಳಗೆ ನೇಮಿನಾಥ ತೀರ್ಥಂಕರರ ಮೂರ್ತಿ ಇದೆ. ಕತ್ತೆತ್ತಿ ನೋಡಿದರೆ ಮೇಲೆ ಛತ್ತಿನಲ್ಲಿ ಕಲ್ಲಿನ ಕಮಲ ಕೆಳಮುಖವಾಗಿ ಅರಳಿದೆ. ಅದಕ್ಕೇ ಆ ಹೆಸರು. ಅದೇ ಕೋಟೆಯೊಳಗೆ ಸಫಾ ಮಸೀದಿಯೂ ರಾಮಕೃಷ್ಣ ಆಶ್ರಮವೂ ಇವೆ. ಸ್ವಾಮಿ ವಿವೇಕಾನಂದರು 1892ರಲ್ಲಿ ಬೆಳಗಾವಿಗೆ ಬಂದಿದ್ದರು.

ನಮ್ಮ ಅಜ್ಜಿ ಕಮಲ ನೋಡುತ್ತ ಬಹಳ ಹೊತ್ತು ನಿಂತಳು. ಅವಳು ಮೂವತ್ತು ವರ್ಷ ಬೆಳಗಾವಿಯಲ್ಲಿ ಗೆಣಸು, ಕಾಯಿಪಲ್ಲೆ ಮಾರಿದವಳು. “ಸ್ಟ್ಯಾಂಡಿನ್ಯಾಗ ಇಳದಕೂಡಲೆ ಬುಟ್ಟಿ ಹೊತ್ತು ಪ್ಯಾಟಿಗೆ ಓಡತಿದ್ದೆ. ಈ ಕಡೆ ಮಾರಿ ತಿರುಗಿಸಾಕ ಪುರುಸೊತ್ತ ಎಲ್ಲಿತ್ತವ್ವಾ” ಅಂದಳು. ಕೋಟೆ ಅಷ್ಟು ಹತ್ತಿರ ಇದ್ದರೂ ಅಂದೇ ಅವಳು ಮೊದಲ ಸಲ ಒಳಗೆ ಬಂದದ್ದು.

ಊಟವಾದ ಮೇಲೆ ಪ್ಯಾಟಿ. ಕಿರಾಣಿಗೆ ರವಿವಾರ ಪೇಟೆ. ಬಟ್ಟೆಬರೆ, ಬಳೆ ನೋಡಲು ಖಡೇ ಬಜಾರ, ಗಣಪತಿ ಗಲ್ಲಿ. ಒಂದೇ ಅಂಗಡಿಯಲ್ಲಿ ಕೊಳ್ಳಬಾರದು, ನಾಲ್ಕು ಕಡೆ ಕೇಳಬೇಕು. ಕುಂದಾ ಬೆಳಗಾವಿಯ ಹೆಸರಾದ ಸಿಹಿ. ಹಾಲನ್ನು ಬಹಳ ಹೊತ್ತು ಕಾಯಿಸಿ ಗಟ್ಟಿ ಮಾಡಿ, ಸಕ್ಕರೆ ಹಾಕಿ, ಕೆಂಪಗಾಗುವ ತನಕ ತಿರುವುತ್ತಾರೆ.

ಸಂಜೆ ಕಾಯಿಪಲ್ಲೆ ಅಗ್ಗ ಆಗತೈತಿ. ಯಾಕಂದರೆ ಹಳ್ಳಿಯಿಂದ ಬಂದವರು ಉಳಿದದ್ದನ್ನು ಹೊತ್ತು ವಾಪಸ್ ಹೋಗಲಾರರು. ನಾಳೆಗೆ ಅದು ಬಾಡುತ್ತದೆ, ಬಸ್ಸೂ ತಪ್ಪುತ್ತದೆ. ನಾನು ಮೆಂತೆ ಸಿವುಡಿಗೆ ಇನ್ನೂ ಕಡಿಮೆ ಮಾಡಿರಿ ಎಂದು ಕೇಳಿದೆ. ಅಜ್ಜಿ ನನ್ನ ಕೈ ಹಿಡಿದು, “ಅಂಗಡಿಯಾಗ ಚೌಕಾಸಿ ಮಾಡು. ಬುಟ್ಟಿ ಇಟಗೊಂಡು ಕುಂತಾಕಿ ಹತ್ರ ಬ್ಯಾಡ” ಅಂದಳು. ಹೇಳಿದಷ್ಟೇ ಕೊಟ್ಟೆವು.

ನೀವೂ ಒಂದು ದಿನ ಸಾವಕಾಶ ಹೋಗಿ ನೋಡಿ ಬರ್ರಿ. ಮನೆಯಲ್ಲಿ ದುಡಿದು ದಣಿದವರು ಇದ್ದರೆ ಅವರನ್ನು ಮೊದಲು ಕರೆದುಕೊಂಡು ಹೋಗ್ರಿ.